ಸೋವಿಯತ್ ಒಕ್ಕೂಟದ ವಿಘಟನೆಯೂ ರಾಜ್ಯಘಟನೆಯ ನಿರ್ಗಮನವಿಧಿಯೂ

ಕ್ರಿ. ಶ. ೧೯೯೧ನೆಯ ಡಿಸೆಂಬರ್ ೨೫ರ ಸಾಯಂಕಾಲ ಮಾಸ್ಕೋ ನಗರದ ಕ್ರೆಮ್ಲಿನ್ ಕೋಟೆಯ ಮೇಲಣ ಕೆಂಪು ಧ್ವಜವು ಇಳಿಸಲ್ಪಟ್ಟು, ಆ ಸ್ಥಾನದಲ್ಲಿ ರಷ್ಯಾದ ತ್ರಿವರ್ಣಧ್ವಜವು ಏರಿಸಲ್ಪಟ್ಟಿತು. ಅಂದೇ ಮಿಖಾಯಿಲ್ ಗೊರ್ಬಚೇವನು ಅಧ್ಯಕ್ಷಪದವಿಯನ್ನು ತ್ಯಜಿಸಿದನು. ಮರುದಿನ ಒಕ್ಕೂಟದ ಶಾಸನಸಭೆಯ ಒಂದು ಮಂದಿರವು ಕೂಡಿ, ಒಕ್ಕೂಟವು ಇನ್ನಿಲ್ಲವೆಂಬ ನಿರ್ಣಯವನ್ನು ಅಂಗೀಕರಿಸಿ ತಾನೂ ಮುಗಿಯಿತು. ಭೂಮಂಡಲದ ನೆಲದಲ್ಲಿ ಸುಮಾರು ಆರನೆಯ ಒಂದಂಶವನ್ನು ವ್ಯಾಪಿಸಿದ್ದ ರಾಜ್ಯವೊಂದು ಹೀಗೆ ಕೆಲವು ಕಾಗದಪತ್ರಗಳ ಮೂಲಕ ಹದಿನೈದು ರಾಜ್ಯಗಳಾಗಿ ಬೇರ್ಪಟ್ಟಿತು.

ಈ ಮಹಾಪರಿವರ್ತನೆಗೆ ಕಾರಣಗಳನ್ನು ಹೇಳುವವರು ಸಾಮಾನ್ಯವಾಗಿ ಅರ್ಥವ್ಯವಸ್ಥೆಯ ಜಡತೆ, ಶಸ್ತ್ರಸ್ಪರ್ಧೆಯ ಭಾರ, ೧೯೭೯ರಿಂದ ೧೯೮೯ರವರೆಗೆ ನಡೆದ ಆಫ್ಘಾನಿಸ್ಥಾನದ ಯುದ್ಧ, ೧೯೮೬ರ ಚೆರ್ನೊಬಿಲ್ ಅಣುಸ್ಥಾವರದ ದುರಂತ, ಅದೇ ವರ್ಷದ ತೈಲದ ಬೆಲೆಯ ಕುಸಿತ ಇವುಗಳನ್ನು ಎಣಿಸುವರು. ಇವೆಲ್ಲವೂ ನಿಜವೇ. ಆದರೆ ಇವು ರಾಜ್ಯದ ದೌರ್ಬಲ್ಯಕ್ಕೆ ಕಾರಣಗಳೇ ಹೊರತು ಅದರ ವಿಭಾಗಕ್ಕೆ ಕಾರಣಗಳಲ್ಲ. ದುರ್ಬಲವಾದ ರಾಜ್ಯದಲ್ಲಿ ಆಳುವವರು ಬದಲಾಗಬಹುದು; ಸೇನಾಪತಿಗಳು ಅಧಿಕಾರವನ್ನು ಹಿಡಿಯಬಹುದು; ದೊಂಬಿಯಾಗಬಹುದು. ನೂರಕ್ಕೆ ಮೇಲ್ಪಟ್ಟ ಜನಾಂಗಗಳಿದ್ದ ಆ ದೇಶವು ಐದಾಗಿಯೂ ಒಡೆಯದೆ, ಐವತ್ತಾಗಿಯೂ ಒಡೆಯದೆ, ಹದಿನೈದೇ ಆಗಿ, ಅದೂ ಮೊದಲೇ ಎಳೆದಿದ್ದ ಗೆರೆಗಳ ಮೇಲೆಯೇ ಒಡೆದುದೇಕೆಂಬ ಪ್ರಶ್ನೆಗೆ ಮೇಲಣ ಕಾರಣಗಳಿಂದ ಉತ್ತರ ದೊರೆಯುವುದಿಲ್ಲ. ಅದರ ಉತ್ತರವು ಆ ಒಕ್ಕೂಟದ ರಾಜ್ಯಘಟನೆಯ ಒಂದು ವಾಕ್ಯದ ಚರಿತ್ರೆಯಲ್ಲಿದೆ. ಒಕ್ಕೂಟಕ್ಕೆ ಸೇರಿದ ಪ್ರತಿಯೊಂದು ಗಣರಾಜ್ಯಕ್ಕೂ ಅದರಿಂದ ಸ್ವೇಚ್ಛೆಯಾಗಿ ಹೊರಹೋಗುವ ಅಧಿಕಾರವುಂಟು ಎಂಬುದೇ ಆ ವಾಕ್ಯದ ಅಭಿಪ್ರಾಯ. ಸುಮಾರು ಎಪ್ಪತ್ತು ವರ್ಷಗಳ ಕಾಲ ಎಲ್ಲರೂ ಓದುತ್ತ, ಯಾರೂ ನಂಬದೆ ಇದ್ದ ಈ ವಾಕ್ಯವು ಹೇಗೆ ಹುಟ್ಟಿತು, ಹೇಗೆ ನಿದ್ರಿಸಿತು, ಹೇಗೆ ಎಚ್ಚರಗೊಂಡಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೧. ವಿಧಿಯ ಉತ್ಪತ್ತಿ

ಜಾರ್ ಚಕ್ರವರ್ತಿಗಳ ಸಾಮ್ರಾಜ್ಯವು ೧೯೧೭ರಲ್ಲಿ ಬಿದ್ದ ಮೇಲೆ ಅದರ ಅಂಚಿನ ಪ್ರಾಂತಗಳು ಹಲವು ಸ್ವತಂತ್ರವಾದುವು. ಅಂತರ್ಯುದ್ಧದಲ್ಲಿ ಜಯಶಾಲಿಗಳಾದ ಬೋಲ್ಷೆವಿಕರು ಅವುಗಳಲ್ಲಿ ಬಹುಭಾಗವನ್ನು ತಮ್ಮ ವಶಕ್ಕೆ ತಂದುಕೊಂಡ ತರುವಾಯ, ಇವನ್ನು ಯಾವ ಸೂತ್ರದಿಂದ ಕಟ್ಟಬೇಕೆಂಬ ಪ್ರಶ್ನೆ ಎದ್ದಿತು. ೧೯೨೨ರಲ್ಲಿ ಸ್ಟಾಲಿನ್ನನು ಯುಕ್ರೇನ್ ಮೊದಲಾದ ಗಣರಾಜ್ಯಗಳು ರಷ್ಯಾದೊಳಗೆ ಸ್ವಾಯತ್ತ ಭಾಗಗಳಾಗಿ ಸೇರತಕ್ಕದ್ದೆಂದು ಸೂಚಿಸಿದನು. ರೋಗಪೀಡಿತನಾಗಿದ್ದ ಲೆನಿನ್ನನು ಇದನ್ನೊಪ್ಪಲಿಲ್ಲ. ರಷ್ಯಾವೂ ಇತರ ಗಣರಾಜ್ಯಗಳೂ ಸಮಾನಸ್ಕಂಧರಾಗಿ ಹೊಸದೊಂದು ಒಕ್ಕೂಟಕ್ಕೆ ಸೇರಬೇಕೆಂಬುದೇ ಆತನ ಮತವಾಗಿತ್ತು. ಹಳೆಯ ಸಾಮ್ರಾಜ್ಯದ ದರ್ಪವು ಹೊಸ ಹೆಸರಿನಲ್ಲಿ ಮರಳಿ ಬರಬಹುದೆಂಬ ಭಯವು ಆ ವರ್ಷದ ಕೊನೆಯಲ್ಲಿ ಆತನು ಬರೆಯಿಸಿದ ಟಿಪ್ಪಣಿಗಳಲ್ಲಿ ಸ್ಪಷ್ಟವಾಗಿದೆ.

ಲೆನಿನ್ನನ ಮತವೇ ಗೆದ್ದಿತು. ೧೯೨೨ನೆಯ ಡಿಸೆಂಬರ್ ೩೦ರಂದು ರಷ್ಯಾ, ಯುಕ್ರೇನ್, ಬೆಲರೂಸ್, ಟ್ರಾನ್ಸ್‌ಕಾಕೇಷಿಯಾ ಎಂಬ ನಾಲ್ಕು ಗಣರಾಜ್ಯಗಳ ಸಂಧಿಪತ್ರದಿಂದ ಒಕ್ಕೂಟವು ಜನ್ಮತಾಳಿತು. ಆ ಸಂಧಿಯ ೨೬ನೆಯ ವಿಧಿಯಲ್ಲಿ ನಿರ್ಗಮನಾಧಿಕಾರವು ಹೇಳಲ್ಪಟ್ಟಿತು. ೧೯೨೪ರ ರಾಜ್ಯಘಟನೆಯಲ್ಲಿ ಇದೇ ೪ನೆಯ ವಿಧಿಯಾಯಿತು. ಸಾಲದುದಕ್ಕೆ, ಎಲ್ಲ ಗಣರಾಜ್ಯಗಳ ಸಮ್ಮತಿಯಿಲ್ಲದೆ ಇದನ್ನು ತೆಗೆಯಕೂಡದೆಂದು ೬ನೆಯ ವಿಧಿಯು ಕಾವಲಾಗಿ ನಿಂತಿತು. ೧೯೩೬ರ ರಾಜ್ಯಘಟನೆಯಲ್ಲಿ ಅದು ೧೭ನೆಯ ವಿಧಿ, ೧೯೭೭ರದರಲ್ಲಿ ೭೨ನೆಯದು. ಸಂಖ್ಯೆ ಬದಲಾಯಿತು, ವಾಕ್ಯ ಅಳಿಯಲಿಲ್ಲ.

೧೯೩೬ರಲ್ಲಿ ಆ ವಾಕ್ಯವನ್ನು ತೆಗೆದುಹಾಕಬೇಕೆಂಬ ಸೂಚನೆಯೂ ಬಂದಿತ್ತು. ನವೆಂಬರ್ ೨೫ರ ಭಾಷಣದಲ್ಲಿ ಅದನ್ನು ನಿರಾಕರಿಸಿದವನು ಬೇರೆ ಯಾರೂ ಅಲ್ಲ, ಸ್ಟಾಲಿನ್ನನೇ. ಒಕ್ಕೂಟವು ಸ್ವಯಂಪ್ರೇರಣೆಯಿಂದ ಆದುದು. ಆದುದರಿಂದ ಈ ವಿಧಿಯನ್ನು ತೆಗೆಯುವುದು ಅದರ ಸ್ವರೂಪಕ್ಕೇ ವಿರುದ್ಧವೆಂದು ಆತನು ವಾದಿಸಿದನು. ಅಷ್ಟೇ ಅಲ್ಲದೆ, ಗಣರಾಜ್ಯವೆನಿಸಿಕೊಳ್ಳಲು ಮೂರು ಲಕ್ಷಣಗಳನ್ನೂ ಹೇಳಿದನು: ಅದು ದೇಶದ ಗಡಿಯಲ್ಲಿರಬೇಕು, ಅದಕ್ಕೆ ಹೆಸರುಕೊಟ್ಟ ಜನಾಂಗವು ಅಲ್ಲಿ ಬಹುಸಂಖ್ಯೆಯಾಗಿರಬೇಕು, ಜನಸಂಖ್ಯೆಯು ಹತ್ತು ಲಕ್ಷಕ್ಕೆ ಕಡಿಮೆಯಿರಬಾರದು. ಸುತ್ತಲೂ ಒಕ್ಕೂಟದ ನೆಲವೇ ಇರುವ ಪ್ರಾಂತವು ಹೊರಗೆ ಹೋಗುವುದಾದರೂ ಎಲ್ಲಿಗೆ ಎಂಬುದು ಮೊದಲನೆಯ ಲಕ್ಷಣದ ಯುಕ್ತಿ. ಯಾರೂ ಹೋಗಲಾರದ ಕಾಲದಲ್ಲಿ, ಹೋಗುವ ದಾರಿಯು ತರ್ಕಶುದ್ಧವಾಗಿರಬೇಕೆಂದು ಇಷ್ಟು ಎಚ್ಚರ ವಹಿಸಿದುದು ಚರಿತ್ರೆಯ ವಿಚಿತ್ರಗಳಲ್ಲೊಂದು.

೨. ಪ್ರತಿಬಂಧಕ

ಅಗ್ನಿಗೆ ದಹಿಸುವ ಶಕ್ತಿಯುಂಟು. ಆದರೆ ಮಣಿವಿಶೇಷವನ್ನು ಸಮೀಪದಲ್ಲಿಟ್ಟರೆ ಅದು ಸುಡುವುದಿಲ್ಲ. ಮಣಿಯನ್ನು ತೆಗೆದರೆ ಮತ್ತೆ ಸುಡುವುದು. ಈ ದೃಷ್ಟಾಂತದಲ್ಲಿ ಶಕ್ತಿಯೆಂಬುದು ಪ್ರತ್ಯೇಕ ಪದಾರ್ಥವೋ, ಅಥವಾ ಪ್ರತಿಬಂಧಕದ ಅಭಾವವೇ ಒಂದು ಕಾರಣವೋ ಎಂದು ಮೀಮಾಂಸಕರೂ ನೈಯಾಯಿಕರೂ ಬಹುಕಾಲ ವಾದಿಸಿದರು. ಸೋವಿಯತ್ ರಾಜ್ಯಘಟನೆಯನ್ನು ಓದುವವನಿಗೆ ಈ ವಾದವು ನೆನಪಾಗದಿರದು. ನಿರ್ಗಮನವಿಧಿಯು ಅಗ್ನಿಯಾದರೆ ಮಣಿ ಯಾವುದು?

ಅದು ಕಮ್ಯುನಿಸ್ಟ್ ಪಕ್ಷ. ರಾಜ್ಯವು ಸಂಯುಕ್ತವಾಗಿದ್ದರೂ ಪಕ್ಷವು ಎಂದೂ ಸಂಯುಕ್ತವಾಗಿರಲಿಲ್ಲ. ೧೯೧೯ರ ಮಾರ್ಚಿಯಲ್ಲಿ ನಡೆದ ಪಕ್ಷದ ಎಂಟನೆಯ ಮಹಾಧಿವೇಶನವು ಯುಕ್ರೇನ್ ಮೊದಲಾದ ಕಡೆಗಳ ಕೇಂದ್ರಸಮಿತಿಗಳಿಗೆ ಪ್ರಾಂತಸಮಿತಿಗಳಷ್ಟೇ ಅಧಿಕಾರವೆಂದೂ, ಅವೆಲ್ಲವೂ ಮಾಸ್ಕೋವಿನ ಕೇಂದ್ರಸಮಿತಿಗೆ ಸಂಪೂರ್ಣವಾಗಿ ಅಧೀನವೆಂದೂ ನಿಶ್ಚಯಿಸಿತ್ತು. ಅಂದರೆ, ಒಕ್ಕೂಟವು ಹುಟ್ಟುವುದಕ್ಕೆ ಮೂರು ವರ್ಷಗಳಿಗೂ ಮೊದಲೇ ಅದರ ನಿಜವಾದ ಬಂಧನವು ಸಿದ್ಧವಾಗಿತ್ತು. ೧೯೭೭ರ ರಾಜ್ಯಘಟನೆಯ ೬ನೆಯ ವಿಧಿಯು ಪಕ್ಷವನ್ನು ಸಮಾಜದ ನಾಯಕಶಕ್ತಿಯೆಂದೂ ರಾಜ್ಯವ್ಯವಸ್ಥೆಯ ತಿರುಳೆಂದೂ ಬಾಯಿಬಿಟ್ಟು ಹೇಳಿತು. ಹೀಗಾಗಿ ಒಂದೇ ಗ್ರಂಥದಲ್ಲಿ ೬ನೆಯ ವಿಧಿಯು ಕಟ್ಟುವುದು, ೭೨ನೆಯ ವಿಧಿಯು ಬಿಚ್ಚುವುದು. ಮೊದಲನೆಯದು ಜೀವಂತ, ಎರಡನೆಯದು ನಿದ್ರಿತ.

ನಿದ್ರಿಸುತ್ತಿದ್ದ ವಿಧಿಯನ್ನು ಮುಟ್ಟಿದವನಿಗೆ ಏನಾಯಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಯುಕ್ರೇನಿನ ಲೆವ್ಕೊ ಲುಕ್ಯಾನೆಂಕೊ ಎಂಬ ನ್ಯಾಯವಾದಿಯು ೧೭ನೆಯ ವಿಧಿಯನ್ನು ಅದರ ಅಕ್ಷರಾರ್ಥದಲ್ಲಿಯೇ ಗ್ರಹಿಸಿ, ಯುಕ್ರೇನ್ ಶಾಂತಿಯುತವಾಗಿ ಹೊರಬರಬೇಕೆಂಬ ಉದ್ದೇಶದಿಂದ ಒಂದು ಸಣ್ಣ ಗುಂಪನ್ನು ಕಟ್ಟಿದನು. ೧೯೬೧ರಲ್ಲಿ ಆತನಿಗೆ ಮರಣದಂಡನೆಯಾಯಿತು. ಅನಂತರ ಅದು ಹದಿನೈದು ವರ್ಷಗಳ ಸೆರೆವಾಸವಾಗಿ ಮಾರ್ಪಟ್ಟಿತು. ರಾಜ್ಯಘಟನೆಯಲ್ಲಿ ಬರೆದಿದ್ದುದನ್ನು ಬೇಡಿದುದೇ ಆತನ ಅಪರಾಧ.

ಆದರೆ ಅಗ್ನಿಯು ಅಡಗಿದ್ದರೂ ಅದಕ್ಕೆ ಬೇಕಾದ ಇಂಧನವು ಒಟ್ಟುಗೂಡುತ್ತಲೇ ಇದ್ದಿತು. ವಾಕ್ಯವು ಸುಳ್ಳಾಗಿ ತೋರಬಾರದೆಂದು ಪ್ರತಿಯೊಂದು ಗಣರಾಜ್ಯಕ್ಕೂ ರಾಜ್ಯದ ಉಪಕರಣಗಳೆಲ್ಲವೂ ಕೊಡಲ್ಪಟ್ಟುವು: ಗೊತ್ತಾದ ಗಡಿ, ಶಾಸನಸಭೆ, ಮಂತ್ರಿಮಂಡಲ, ಧ್ವಜ, ಸ್ವಭಾಷೆಯ ಪಾಠಶಾಲೆ ಮತ್ತು ಗ್ರಂಥಪ್ರಕಟನೆ. ೧೯೪೪ರಲ್ಲಿ ಪರರಾಷ್ಟ್ರಗಳೊಡನೆ ವ್ಯವಹರಿಸುವ ಅಧಿಕಾರವೂ ಕಾಗದದ ಮೇಲೆ ಸೇರಿತು. ಅದರ ಬಲದಿಂದ ೧೯೪೫ರಲ್ಲಿ ಯುಕ್ರೇನ್ ಮತ್ತು ಬೆಲರೂಸ್ ಸಂಯುಕ್ತರಾಷ್ಟ್ರಸಂಸ್ಥೆಯ ಸ್ಥಾಪಕ ಸದಸ್ಯರಾದುವು. ಇವು ಬರಿಯ ಅಲಂಕಾರಗಳೆಂದು ಕೊಟ್ಟವರು ಭಾವಿಸಿದರು; ಪಡೆದವರು ಹಾಗೆ ಭಾವಿಸಲಿಲ್ಲ. ೧೯೭೮ರಲ್ಲಿ ಜಾರ್ಜಿಯಾದ ಹೊಸ ರಾಜ್ಯಘಟನೆಯಿಂದ ಜಾರ್ಜಿಯನ್ ಭಾಷೆಯ ರಾಜಭಾಷಾಪದವಿಯನ್ನು ತೆಗೆಯಬೇಕೆಂಬ ಯತ್ನ ನಡೆದಾಗ, ಏಪ್ರಿಲ್ ೧೪ರಂದು ತ್ಬಿಲಿಸಿ ನಗರದ ಬೀದಿಗಳಲ್ಲಿ ಜನರು, ಮುಖ್ಯವಾಗಿ ವಿದ್ಯಾರ್ಥಿಗಳು, ಗುಂಪುಗೂಡಿದರು. ಸರ್ಕಾರವು ಮಣಿದು ಆ ವಾಕ್ಯವನ್ನು ಉಳಿಸಿತು. ಕಾಗದದ ಮೇಲಣ ಒಂದು ವಾಕ್ಯಕ್ಕಾಗಿ ಜನರು ಪ್ರಾಣಭಯವನ್ನು ಬಿಟ್ಟು ನಿಲ್ಲುವರೆಂಬುದು ಅಂದೇ ಸಿದ್ಧವಾಯಿತು.

೩. ಪ್ರತಿಬಂಧಕದ ನಿವಾರಣೆ

೧೯೮೫ರ ಮಾರ್ಚಿಯಲ್ಲಿ ಅಧಿಕಾರಕ್ಕೆ ಬಂದ ಗೊರ್ಬಚೇವನಿಗೆ ಒಕ್ಕೂಟವನ್ನು ಒಡೆಯುವ ಸಂಕಲ್ಪವು ಸ್ವಪ್ನದಲ್ಲಿಯೂ ಇರಲಿಲ್ಲ. ಆಡಳಿತದ ಪುನಾರಚನೆಯೂ ವಿಚಾರದ ಮುಕ್ತತೆಯೂ ಪಕ್ಷವನ್ನು ಬಲಪಡಿಸುವುವೆಂದೇ ಆತನು ನಂಬಿದ್ದನು. ಆದರೆ ಮಾತನಾಡಲು ಅನುಮತಿ ದೊರೆತೊಡನೆ ಜನರು ಮೊದಲು ಓದಿದುದು ರಾಜ್ಯಘಟನೆಯನ್ನೇ. ೧೯೮೮ನೆಯ ನವೆಂಬರ್ ೧೬ರಂದು ಎಸ್ಟೋನಿಯಾದ ಶಾಸನಸಭೆಯು ತನ್ನ ಶಾಸನಗಳೇ ತನ್ನ ನೆಲದಲ್ಲಿ ಪ್ರಬಲವೆಂದು ಘೋಷಿಸಿತು. ೧೯೮೯ನೆಯ ಆಗಸ್ಟ್ ೨೩ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ರಾಜಧಾನಿಗಳನ್ನು ಸೇರಿಸುವಂತೆ ಆರುನೂರು ಕಿಲೋಮೀಟರುಗಳಿಗೂ ಉದ್ದವಾಗಿ ಲಕ್ಷಾಂತರ ಜನರು ಕೈಕೈ ಹಿಡಿದು ನಿಂತರು. ಹಿಟ್ಲರನೂ ಸ್ಟಾಲಿನ್ನನೂ ತಮ್ಮ ದೇಶಗಳನ್ನು ಹಂಚಿಕೊಂಡ ಗುಪ್ತಸಂಧಿಗೆ ಅಂದು ಸರಿಯಾಗಿ ಐವತ್ತು ವರ್ಷಗಳಾಗಿದ್ದುವು.

ಮಣಿಯು ಮೊದಲು ಸರಿದುದು ಲಿಥುವೇನಿಯಾದಲ್ಲಿ. ೧೯೮೯ರ ಡಿಸೆಂಬರಿನಲ್ಲಿ ಆ ಗಣರಾಜ್ಯದ ಶಾಸನಸಭೆಯು ತನ್ನ ರಾಜ್ಯಘಟನೆಯಿಂದ ಪಕ್ಷದ ಏಕಾಧಿಪತ್ಯವನ್ನು ತೆಗೆದುಹಾಕಿತು. ಅದೇ ತಿಂಗಳು ಅಲ್ಲಿಯ ಕಮ್ಯುನಿಸ್ಟ್ ಪಕ್ಷವು ಮಾಸ್ಕೋವಿನಿಂದ ಬೇರೆಯಾಯಿತು. ಮೂರು ತಿಂಗಳು ಕಳೆಯುವುದರೊಳಗೆ, ೧೯೯೦ನೆಯ ಮಾರ್ಚ್ ೧೧ರಂದು, ಲಿಥುವೇನಿಯಾವು ಸ್ವಾತಂತ್ರ್ಯವನ್ನು ಪುನಃ ಸ್ಥಾಪಿಸಿದುದಾಗಿ ಸಾರಿತು. ಮೂರೇ ದಿನಗಳ ಮೇಲೆ, ಮಾರ್ಚ್ ೧೪ರಂದು, ಒಕ್ಕೂಟದ ಜನಪ್ರತಿನಿಧಿಗಳ ಮಹಾಸಭೆಯೇ ೬ನೆಯ ವಿಧಿಯನ್ನು ಮಾರ್ಪಡಿಸಿ ಪಕ್ಷದ ವಿಶೇಷಾಧಿಕಾರವನ್ನು ಕೊನೆಗಾಣಿಸಿತು. ಮೊದಲು ಪಕ್ಷದ ಏಕತ್ವವು ಭಂಗವಾಗಿ, ಆಮೇಲೆ ರಾಜ್ಯದ ಏಕತ್ವವು ಭಂಗವಾಯಿತು. ಈ ಪೌರ್ವಾಪರ್ಯವೇ ಇಲ್ಲಿಯ ಕಾರ್ಯಕಾರಣಭಾವಕ್ಕೆ ಲಿಂಗ.

ಇಲ್ಲಿ ಒಂದು ಆಕ್ಷೇಪವುಂಟು. ಬಾಲ್ಟಿಕ್ ಗಣರಾಜ್ಯಗಳು ನಿರ್ಗಮನವಿಧಿಯನ್ನು ಆಶ್ರಯಿಸಲೇ ಇಲ್ಲ. ಒಳಗೆ ಬಂದವನಿಗಷ್ಟೇ ಹೊರಹೋಗುವ ಅಧಿಕಾರದ ಮಾತು. ೧೯೪೦ರಲ್ಲಿ ಬಲಾತ್ಕಾರದಿಂದ ಎಳೆದು ತರಲ್ಪಟ್ಟವರು ನಿರ್ಗಮನವನ್ನು ಯಾಚಿಸಿದರೆ ಆಗಮನವನ್ನು ಒಪ್ಪಿಕೊಂಡಂತಾಗುವುದೆಂದು ಅವರು ವಾದಿಸಿದರು. ಹಾಗಿದ್ದ ಮೇಲೆ ಆ ವಿಧಿಗೂ ಈ ಘಟನೆಗೂ ಸಂಬಂಧವೇನು? ಇದಕ್ಕೆ ಸಮಾಧಾನವೇನೆಂದರೆ: ವಿಧಿಯ ಫಲವು ಅದನ್ನು ಉದಾಹರಿಸುವುದರಲ್ಲಿ ಮಾತ್ರ ಇರುವುದಿಲ್ಲ. ಲಿಥುವೇನಿಯಾದ ಘೋಷಣೆಯನ್ನು ಮಾಡಿದುದು ಅದೇ ರಾಜ್ಯಘಟನೆಯಿಂದ ಏರ್ಪಟ್ಟ ಶಾಸನಸಭೆ. ಅದು ತನ್ನದೆಂದು ಹೇಳಿಕೊಂಡುದು ಅದೇ ರಾಜ್ಯಘಟನೆಯು ಗುರುತಿಸಿದ್ದ ನೆಲ. ಮೇಲಾಗಿ, ಹೋಗುವ ಅಧಿಕಾರವೇ ಇಲ್ಲವೆಂದು ಹೇಳುವ ಮಾರ್ಗವು ಗೊರ್ಬಚೇವನಿಗೆ ಮುಚ್ಚಿಹೋಗಿತ್ತು. ಹೋಗುವ ಕ್ರಮವು ಸರಿಯಲ್ಲವೆಂದಷ್ಟೇ ಆತನು ಹೇಳಬಲ್ಲವನಾಗಿದ್ದನು.

ಆ ಕ್ರಮವನ್ನು ವಿಧಿಸುವ ಶಾಸನವು ಹುಟ್ಟಿದುದು ೧೯೯೦ನೆಯ ಏಪ್ರಿಲ್ ೩ರಂದು, ಎಂದರೆ ಅಧಿಕಾರವನ್ನು ಕೊಟ್ಟ ಅರುವತ್ತೇಳು ವರ್ಷಗಳ ತರುವಾಯ. ಜನಮತಗಣನೆಯಲ್ಲಿ ಮತದಾರರೆಲ್ಲರಲ್ಲಿ ಮೂರನೆಯ ಎರಡು ಅಂಶವು ಒಪ್ಪಬೇಕು. ಐದು ವರ್ಷಗಳವರೆಗೆ ಮಧ್ಯಂತರಕಾಲವಿರಬಹುದು. ಗಣರಾಜ್ಯದೊಳಗಣ ಸ್ವಾಯತ್ತ ಭಾಗಗಳು ಬೇರೆಯಾಗಿ ಮತವೀಯಬಹುದು ಎಂದು ಮುಂತಾಗಿ ಅದರಲ್ಲಿ ಹೇಳಿತ್ತು. ಇದು ನಿರ್ಗಮನದ ಶಾಸನವಲ್ಲ, ನಿರ್ಗಮನನಿಷೇಧದ ಶಾಸನವೆಂದು ವಿರೋಧಿಗಳು ಹಳಿದರು. ಅದರ ಕ್ರಮವನ್ನು ಅನುಸರಿಸಿ ನಡೆಯಲು ಯತ್ನಿಸಿದುದು ಆರ್ಮೇನಿಯಾ ಮಾತ್ರ. ಅಲ್ಲಿಯ ಜನಮತಗಣನೆ ೧೯೯೧ನೆಯ ಸೆಪ್ಟೆಂಬರ್ ೨೧ರಂದು ನಡೆಯುವ ವೇಳೆಗೆ ಒಕ್ಕೂಟವೇ ಕುಸಿಯುತ್ತಿದ್ದಿತು. ಕಾಲದಲ್ಲಿ ಮಾಡದ ಶಾಸನವು ಅಕಾಲದಲ್ಲಿ ಬಂದು ಯಾರಿಗೂ ಉಪಯೋಗವಾಗಲಿಲ್ಲ.

೪. ಉಪಸಂಹಾರ

೧೯೯೧ರ ಘಟನೆಗಳು ಒಂದರ ಹಿಂದೊಂದು ಬಂದುವು. ಜನವರಿ ೧೩ರಂದು ವಿಲ್ನಿಯಸ್ ನಗರದಲ್ಲಿ ಸೈನ್ಯವು ದೂರದರ್ಶನದ ಗೋಪುರವನ್ನು ಹಿಡಿಯುವಾಗ ಹದಿನಾಲ್ಕು ಮಂದಿ ನಾಗರಿಕರು ಮೃತರಾದರು. ಮಾರ್ಚ್ ೧೭ರ ಜನಮತಗಣನೆಯಲ್ಲಿ ಮತವಿತ್ತವರಲ್ಲಿ ನೂರಕ್ಕೆ ಸುಮಾರು ೭೬ ಮಂದಿ ನವೀಕೃತವಾದ ಒಕ್ಕೂಟವು ಉಳಿಯಬೇಕೆಂದರು. ಆದರೆ ಆರು ಗಣರಾಜ್ಯಗಳ ಸರ್ಕಾರಗಳು ಅದನ್ನು ಬಹಿಷ್ಕರಿಸಿದ್ದುವು. ಗೊರ್ಬಚೇವನು ಹೊಸ ಸಂಧಿಪತ್ರವನ್ನು ಸಿದ್ಧಗೊಳಿಸಿ ಆಗಸ್ಟ್ ೨೦ರಂದು ಸಹಿಮಾಡಿಸುವುದಾಗಿ ಗೊತ್ತುಮಾಡಿದನು. ಅದರ ಹಿಂದಣ ದಿನವೇ, ಒಕ್ಕೂಟವನ್ನು ಉಳಿಸುತ್ತೇವೆಂದು ಹೊರಟ ಕೆಲವು ಅಧಿಕಾರಿಗಳು ಆತನನ್ನು ಕ್ರಿಮಿಯಾದಲ್ಲಿ ನಿರ್ಬಂಧಿಸಿ ಅಧಿಕಾರಾಪಹರಣಕ್ಕೆ ಕೈಹಾಕಿದರು. ಮೂರೇ ದಿನಗಳಲ್ಲಿ ಅವರ ಯತ್ನವು ನಿಷ್ಫಲವಾಯಿತು. ಅದರೊಡನೆ ಪಕ್ಷದ ಉಳಿದ ಪ್ರಭಾವವೂ ಹೋಯಿತು. ಆಗಸ್ಟ್ ೨೪ರಂದು ಯುಕ್ರೇನ್ ಸ್ವಾತಂತ್ರ್ಯವನ್ನು ಘೋಷಿಸಿತು. ಡಿಸೆಂಬರ್ ೧ರ ಜನಮತಗಣನೆಯಲ್ಲಿ ಮತವಿತ್ತವರಲ್ಲಿ ನೂರಕ್ಕೆ ೯೦ಕ್ಕೂ ಹೆಚ್ಚು ಮಂದಿ ಅದನ್ನು ಸ್ಥಿರೀಕರಿಸಿದರು.

ಡಿಸೆಂಬರ್ ೮ರಂದು ಬೆಲರೂಸಿನ ಬೆಲೊವೆಝ್ ಅರಣ್ಯದ ಬೇಟೆಯ ಬಂಗಲೆಯಲ್ಲಿ ರಷ್ಯಾದ ಯೆಲ್ತ್ಸಿನ್, ಯುಕ್ರೇನಿನ ಕ್ರಾವ್ಚುಕ್, ಬೆಲರೂಸಿನ ಶುಷ್ಕೇವಿಚ್ ಈ ಮೂವರು ನಾಯಕರು ಸೇರಿ ಒಂದು ಒಪ್ಪಂದವನ್ನು ಬರೆದರು. ಗಮನಾರ್ಹವಾದ ಸಂಗತಿಯೆಂದರೆ, ಅವರು ೭೨ನೆಯ ವಿಧಿಯನ್ನು ಹಿಡಿದು ಹೊರಗೆ ಹೋಗಲಿಲ್ಲ; ಅದರ ಮೂಲವಾದ ೧೯೨೨ರ ಸಂಧಿಗೇ ಕೈಯಿಟ್ಟರು. ಆ ಸಂಧಿಗೆ ಸಹಿಹಾಕಿದ ನಾಲ್ವರಲ್ಲಿ ಟ್ರಾನ್ಸ್‌ಕಾಕೇಷಿಯಾವು ೧೯೩೬ರಲ್ಲಿಯೇ ವಿಸರ್ಜಿತವಾಗಿತ್ತು. ಉಳಿದ ಮೂವರೂ ಅಲ್ಲಿದ್ದರು. ಒಕ್ಕೂಟವನ್ನು ಸ್ಥಾಪಿಸಿದ ತಾವೇ ಅದು ಇನ್ನಿಲ್ಲವೆಂದು ನಿರ್ಧರಿಸಿರುವುದಾಗಿ ಅವರು ಸಾರಿದರು. ಡಿಸೆಂಬರ್ ೨೧ರಂದು ಅಲ್ಮಾ-ಆಟಾ ನಗರದಲ್ಲಿ ಹನ್ನೊಂದು ಗಣರಾಜ್ಯಗಳು ಇದನ್ನು ಒಪ್ಪಿದುವು. ಹನ್ನೆರಡು ಗಣರಾಜ್ಯಗಳು ಇನ್ನೂ ಉಳಿದಿರುವಾಗ ಮೂವರ ಮಾತು ಎಲ್ಲರನ್ನೂ ಹೇಗೆ ಬಂಧಿಸೀತೆಂದು ನ್ಯಾಯಜ್ಞರು ಪ್ರಶ್ನಿಸಿರುವುದುಂಟು. ಆದರೂ ಗ್ರಂಥದ ತಾತ್ಪರ್ಯವನ್ನು ತಿಳಿಯಲು ಉಪಕ್ರಮೋಪಸಂಹಾರಗಳ ಐಕ್ಯವನ್ನು ನೋಡಬೇಕೆಂಬ ಮೀಮಾಂಸಾನಿಯಮಕ್ಕೆ ಇದಕ್ಕಿಂತ ಉತ್ತಮವಾದ ಲೌಕಿಕ ನಿದರ್ಶನವು ದೊರೆಯಲಾರದು. ಸಂಧಿಯಿಂದ ಆರಂಭವಾದುದು ಸಂಧಿಯಿಂದಲೇ ಮುಗಿಯಿತು.

೫. ವಿಧಿಯಿಲ್ಲದವರ ಗತಿ

ಆ ವಾಕ್ಯಕ್ಕೆ ನಿಜವಾದ ಬಲವಿತ್ತೆಂಬುದು, ಅದು ಯಾರಿಗೆ ಅನ್ವಯಿಸಲಿಲ್ಲವೋ ಅವರ ಚರಿತ್ರೆಯಿಂದ ಇನ್ನೂ ಚೆನ್ನಾಗಿ ತಿಳಿಯುವುದು. ಚೆಚೆನ್ಯಾವು ರಷ್ಯಾದೊಳಗಣ ಸ್ವಾಯತ್ತ ಗಣರಾಜ್ಯದ ಭಾಗವಾಗಿದ್ದಿತು. ನಿರ್ಗಮನಾಧಿಕಾರವು ಅದಕ್ಕೆ ಇರಲಿಲ್ಲ. ೧೯೯೧ರಲ್ಲಿ ಅದೂ ಸ್ವಾತಂತ್ರ್ಯವನ್ನು ಸಾರಿತು. ಅದನ್ನು ಯಾವ ಪ್ರಬಲ ರಾಷ್ಟ್ರವೂ ಮನ್ನಿಸಲಿಲ್ಲ. ೧೯೯೪ರಿಂದ ಒಂದು, ೧೯೯೯ರಿಂದ ಮತ್ತೊಂದು, ಹೀಗೆ ಎರಡು ಯುದ್ಧಗಳಲ್ಲಿ ಗ್ರೋಜ್ನಿ ನಗರವು ಹಾಳಾಯಿತು. ಆಜರ್ಬೈಜಾನಿನೊಳಗಣ ನಾಗೋರ್ನೊ-ಕರಾಬಾಖ್ ಸ್ವಾಯತ್ತ ಪ್ರಾಂತದ ಆರ್ಮೇನಿಯನ್ನರು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹೋರಾಡಿ, ೨೦೨೩ರ ಸೆಪ್ಟೆಂಬರಿನಲ್ಲಿ ಲಕ್ಷಕ್ಕೆ ಮೇಲ್ಪಟ್ಟ ಸಂಖ್ಯೆಯಲ್ಲಿ ಮನೆಮಾರುಗಳನ್ನು ಬಿಟ್ಟು ಹೊರಟರು. ಅಧಿಕಾರಿಗಳು ಎಂದೋ ಒಂದು ಪ್ರಾಂತವನ್ನು ‘ಒಕ್ಕೂಟದ ಗಣರಾಜ್ಯ’ವೆಂದೂ ಇನ್ನೊಂದನ್ನು ‘ಸ್ವಾಯತ್ತ’ವೆಂದೂ ಹೆಸರಿಸಿದ ಭೇದವು ಹೀಗೆ ಜನರ ಜೀವನ್ಮರಣಗಳ ಭೇದವಾಯಿತು.

ಅಧಿಕಾರವಿದ್ದವರಿಗೂ ಅದು ನಿರ್ವಿಘ್ನವಾಗಿ ಫಲಿಸಲಿಲ್ಲ. ಹೊರಟವರ ಗಡಿ ಯಾವುದು, ಸೈನ್ಯ ಯಾರದು, ಅನ್ಯಭಾಷಿಕರ ಗತಿಯೇನು ಎಂಬ ಪ್ರಶ್ನೆಗಳನ್ನು ಎಪ್ಪತ್ತು ವರ್ಷಗಳಲ್ಲಿ ಯಾರೂ ಬಗೆಹರಿಸಿರಲಿಲ್ಲ. ೧೯೫೪ರಲ್ಲಿ ಕ್ರಿಮಿಯಾವು ರಷ್ಯಾದಿಂದ ಯುಕ್ರೇನಿಗೆ ವರ್ಗಾಯಿಸಲ್ಪಟ್ಟಾಗ ಅದು ಒಂದೇ ಮನೆಯೊಳಗೆ ಗೋಡೆ ಸರಿಸಿದಂತಿತ್ತು. ೧೯೯೧ರಲ್ಲಿ ಆ ಗೋಡೆಯೇ ದೇಶದ ಗಡಿಯಾಯಿತು. ಯುಕ್ರೇನ್ ತನ್ನ ನೆಲದಲ್ಲಿದ್ದ ಪರಮಾಣು ಅಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿ, ೧೯೯೪ನೆಯ ಡಿಸೆಂಬರ್ ೫ರಂದು ಬುಡಾಪೆಸ್ಟ್ ನಗರದಲ್ಲಿ ರಷ್ಯಾ, ಅಮೆರಿಕಾ, ಬ್ರಿಟನ್ನುಗಳಿಂದ ತನ್ನ ಗಡಿಗಳನ್ನು ಮನ್ನಿಸುವೆವೆಂಬ ಬರಹವನ್ನು ಪಡೆಯಿತು. ೨೦೧೪ರಲ್ಲಿ ರಷ್ಯಾವು ಕ್ರಿಮಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು. ೨೦೨೨ನೆಯ ಫೆಬ್ರವರಿ ೨೪ರಂದು ಯುಕ್ರೇನಿನ ಮೇಲೆ ಪೂರ್ಣಪ್ರಮಾಣದ ಯುದ್ಧವನ್ನೇ ಹೂಡಿತು. ಅದಕ್ಕೆ ಮುಂಚೆ, ೨೦೨೧ರ ಜುಲೈಯಲ್ಲಿ, ರಷ್ಯಾದ ಅಧ್ಯಕ್ಷನಾದ ಪುಟಿನ್ನನು ಪ್ರಕಟಿಸಿದ ದೀರ್ಘಲೇಖನದಲ್ಲಿ ೧೯೨೪ರ ರಾಜ್ಯಘಟನೆಯ ಈ ನಿರ್ಗಮನವಿಧಿಯನ್ನೇ ಹಿಡಿದು, ರಾಜ್ಯದ ಬುಡದಲ್ಲಿ ಇಡಲ್ಪಟ್ಟ ಸ್ಫೋಟಕವೆಂದು ದೂಷಿಸಿದನು.

ಈ ದೂಷಣೆಯು ವಿಚಾರಾರ್ಹ. ವಿಧಿಯು ಇಲ್ಲದಿದ್ದರೆ ಒಕ್ಕೂಟವು ಉಳಿಯುತ್ತಿತ್ತೆಂಬುದು ಇದರ ಹೃದಯ. ಆದರೆ ಚೆಚೆನ್ಯಾದಲ್ಲಿ ವಿಧಿಯಿರಲಿಲ್ಲ. ಅಲ್ಲಿ ಬಿಡುಗಡೆಯ ಇಚ್ಛೆಯೂ ಇರದೆ ಹೋಗಲಿಲ್ಲ, ರಕ್ತಪಾತವೂ ತಪ್ಪಲಿಲ್ಲ. ಇಚ್ಛೆಯನ್ನು ವಿಧಿಯು ಹುಟ್ಟಿಸುವುದಿಲ್ಲ. ಹುಟ್ಟಿದ ಇಚ್ಛೆಗೆ ಅದು ದಾರಿಯನ್ನು ತೋರಿಸುವುದು. ೧೯೯೧ರಲ್ಲಿ ಅಷ್ಟು ದೊಡ್ಡ ರಾಜ್ಯವು ಸರ್ವತ್ರ ಯುದ್ಧವಿಲ್ಲದೆ ವಿಭಕ್ತವಾದುದಕ್ಕೆ ಆ ದಾರಿಯು ಕಾಗದದ ಮೇಲಾದರೂ ಇದ್ದುದು ಒಂದು ಕಾರಣವೆನ್ನಬೇಕು. ದೋಷವಿರುವುದು ವಾಕ್ಯವನ್ನು ಬರೆದುದರಲ್ಲಿ ಅಲ್ಲ. ನಡೆಸುವ ಉದ್ದೇಶವಿಲ್ಲದೆ ಬರೆದುದರಲ್ಲಿ. ನಡೆಸುವ ಉದ್ದೇಶವಿದ್ದಿದ್ದರೆ ಅದರ ಇತಿಕರ್ತವ್ಯತೆಯೂ, ಎಂದರೆ ಯಾವುದರ ಮೇಲೆ ಯಾವುದನ್ನು ಹೇಗೆ ಮಾಡಬೇಕೆಂಬ ಕ್ರಮವೂ, ಕಾಲದಲ್ಲಿಯೇ ಸಿದ್ಧವಾಗುತ್ತಿತ್ತು. ಕೊಟ್ಟ ಮಾತು ಕೊಟ್ಟವರನ್ನು ಬಂಧಿಸಿತು, ಅದಕ್ಕೆ ಬೇಕಾದ ಸಿದ್ಧತೆಯನ್ನು ಮಾಡದಿದ್ದುದರ ಋಣವನ್ನು ಮಾತ್ರ ಮುಂದಿನ ತಲೆಮಾರಿನವರು ತೀರಿಸಬೇಕಾಯಿತು, ಇಂದಿಗೂ ತೀರಿಸುತ್ತಿರುವರು.

ಲುಕ್ಯಾನೆಂಕೊವಿನ ವೃತ್ತಾಂತದ ಶೇಷಭಾಗವನ್ನು ಹೇಳದೆ ಈ ಚರಿತ್ರೆಯನ್ನು ಮುಗಿಸಲಾಗದು. ಆತನು ಹದಿನೈದು ವರ್ಷಗಳ ಸೆರೆಯನ್ನು ಮುಗಿಸಿ ಬಂದು, ಮತ್ತೆ ಬಂಧನಕ್ಕೊಳಗಾಗಿ, ಒಟ್ಟು ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲವನ್ನು ಸೆರೆಯಲ್ಲಿಯೂ ಗಡಿಪಾರಿನಲ್ಲಿಯೂ ಕಳೆದನು. ೧೯೯೦ರಲ್ಲಿ ಯುಕ್ರೇನಿನ ಶಾಸನಸಭೆಗೆ ಸದಸ್ಯನಾಗಿ ಚುನಾಯಿತನಾದನು. ೧೯೯೧ನೆಯ ಆಗಸ್ಟ್ ೨೪ರಂದು ಆ ಸಭೆಯು ಅಂಗೀಕರಿಸಿದ ಸ್ವಾತಂತ್ರ್ಯಘೋಷಣೆಯ ಕರಡನ್ನು ಬರೆದ ಕೈ ಆತನದೇ. ಯಾವ ಅಭಿಪ್ರಾಯಕ್ಕಾಗಿ ೧೯೬೧ರಲ್ಲಿ ಆತನಿಗೆ ಮರಣದಂಡನೆಯನ್ನು ವಿಧಿಸಿದ್ದರೋ, ಮೂವತ್ತು ವರ್ಷಗಳ ಮೇಲೆ ಅದೇ ಅಭಿಪ್ರಾಯವನ್ನು ಆತನು ಒಂದು ಹಾಳೆಯ ಮೇಲೆ ಬರೆದುಕೊಟ್ಟನು. ಸಭೆಯು ಅದನ್ನು ಓದಿ ಅಂಗೀಕರಿಸಿತು.